ನಾಲ್ಕಾರು ಸಾಲವಿದ್ದರೆ ಮೊದಲು ಯಾವುದನ್ನು ತೀರಿಸಬೇಕು?

ಹೆಚ್ಚಿನವರು ಮೊದಲು ತೀರಿಸುವುದು ಮನೆ ಬಾಗಿಲಿಗೆ ಬಂದು ಕೇಳುವವರ ಸಾಲವನ್ನು. ಸದ್ದಿಲ್ಲದೆ ಬೆಳೆಯುವ ಕ್ರೆಡಿಟ್ ಕಾರ್ಡ್ ಬಾಕಿ ಹಾಗೇ ಉಳಿಯುತ್ತದೆ. ಸರದಿಯನ್ನು ಬಡ್ಡಿ ದರ ನೋಡಿ ನಿರ್ಧರಿಸಿ, ಒತ್ತಾಯ ನೋಡಿ ಅಲ್ಲ.

1. ಒಂದು ಹಾಳೆಯಲ್ಲಿ ಪ್ರತಿ ಸಾಲದ ಉಳಿದ ಅಸಲು, ತಿಂಗಳ ಕಂತು, ಬಡ್ಡಿ ಬರೆಯಿರಿ. ಮನೆಯವರಿಗೆ ಹೇಳದೆ ತಂದ ಕೈಸಾಲವೂ ಸೇರಲಿ.

2. ಎಲ್ಲ ಬಡ್ಡಿಯನ್ನೂ ವಾರ್ಷಿಕ ದರಕ್ಕೆ ತನ್ನಿ. ಎಡವುವುದು ಇಲ್ಲೇ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ 36%. ಕಾರ್ಡಿನ 3.5% ಕೂಡ ತಿಂಗಳದ್ದೇ, ಮೇಲೆ ಬಡ್ಡಿಗೆ 18% ಜಿಎಸ್‌ಟಿ. 60,000 ರೂ. ಬಾಕಿಗೆ ಬಡ್ಡಿ 2,100, ತೆರಿಗೆ 378. ‘ಮಿನಿಮಮ್ ಡ್ಯೂ’ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) 5% ಎಂದಿಟ್ಟುಕೊಂಡರೆ ನೀವು ಕಟ್ಟುವ 3,000ದಲ್ಲಿ ಅಸಲಿಗೆ ಹೋಗುವುದು ಬರೀ 522 ರೂ. ಬಾಕಿ ಉಳಿಸಿಕೊಂಡು ಅದೇ ಕಾರ್ಡ್ ಉಜ್ಜಿದರೆ ಹೊಸ ಖರೀದಿಗೂ ಆ ದಿನದಿಂದಲೇ ಬಡ್ಡಿ. ಆದ್ದರಿಂದ ಕಾರ್ಡನ್ನು ಇವತ್ತೇ ಬ್ಲಾಕ್ ಮಾಡಿಸಿ.

ಇನ್ನೊಂದು ಮೋಸದ ದರ ‘ಫ್ಲಾಟ್’. ಅಸಲು ಕರಗುತ್ತಾ ಬಂದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷಕ್ಕೆ 12% ಫ್ಲಾಟ್ ಎಂದರೆ ನಿಜದಲ್ಲಿ ಸುಮಾರು 21%. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಬ್ಯಾಂಕಿನ 16% ಇಳಿಕೆ ಬಡ್ಡಿಯ ಸಾಲಕ್ಕಿಂತ ಇದೇ ದುಬಾರಿ. ಇತ್ತೀಚಿನ ಸಾಲವಾದರೆ ಸಾಲ ಕೊಟ್ಟವರು ನೀಡುವ ಮುಖ್ಯ ವಿವರಗಳ ಪತ್ರ, ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿ ಎಪಿಆರ್ (ಶುಲ್ಕವೂ ಸೇರಿದ ವಾರ್ಷಿಕ ದರ) ಎಂಬ ಸಾಲು ನೋಡಿ. ಹೋಲಿಸಬೇಕಾದ ಅಂಕಿ ಅದು.

3. ಎಲ್ಲದಕ್ಕೂ ಕನಿಷ್ಠ ಕಂತು ತಪ್ಪದೆ ಕಟ್ಟಿ, ಮಿಕ್ಕ ದುಡ್ಡನ್ನೆಲ್ಲ ಅತಿ ಹೆಚ್ಚು ದರದ ಒಂದೇ ಸಾಲಕ್ಕೆ ಸುರಿಯಿರಿ. ಎಲ್ಲಕ್ಕೂ ಐನೂರೈನೂರು ಹಂಚುವುದು ಬೇಡವೇ ಬೇಡ. ಒಂದು ಮುಗಿದಾಗ ಅದರ ಕಂತು ಮುಂದಿನದಕ್ಕೆ ಸೇರಲಿ. ಎರಡು ಮೂರು ತಿಂಗಳಲ್ಲಿ ಮುಗಿಯುವ ಪುಟ್ಟ ಸಾಲವಿದ್ದರೆ ಮಾತ್ರ ಅದನ್ನು ಮೊದಲು ಮುಗಿಸಬಹುದು, ಒಂದು ಕಂತು ಕೈಗೆ ಸಿಗುತ್ತದೆ.

4. ಕೈಸಾಲಕ್ಕೆ ಲೆಕ್ಕ ಬೇರೆ. ಬಡ್ಡಿಗೆ ಕೊಡುವವರು ಅನೇಕರು ಬಿಡಿಬಿಡಿಯಾಗಿ ಅಸಲು ತೆಗೆದುಕೊಳ್ಳಲು ಒಪ್ಪುವುದಿಲ್ಲ. ಕಾಲು ಭಾಗವಾದರೂ ತೆಗೆದುಕೊಳ್ಳಲು ಅವರನ್ನು ಒಪ್ಪಿಸಿ, ಆ ತಿಂಗಳಿಂದಲೇ ಬಡ್ಡಿ ಇಳಿಸಿ ಬರೆಸಿ. ಒಪ್ಪದಿದ್ದರೆ ಬ್ಯಾಂಕಿನ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕೂಡಿಟ್ಟು ಒಟ್ಟಿಗೆ ಕೊಡಿ.

5. ಮನೆಯಲ್ಲಿ ಚಿನ್ನವಿದ್ದರೆ 10% ಆಸುಪಾಸಿನ ಬ್ಯಾಂಕ್ ಚಿನ್ನದ ಸಾಲ ತೆಗೆದು ಕಾರ್ಡ್ ಬಾಕಿ ತೀರಿಸುವುದು ಒಳ್ಳೆಯದು. ಒಡವೆ ಹರಾಜಿಗೆ ಹೋಗದಂತೆ ಅಸಲಿಗೂ ತಿಂಗಳು ತಿಂಗಳು ಕಟ್ಟಿ. ಸಾಲ ತೀರಿಸಲು ಲೋನ್ ಆ್ಯಪ್‌ನಿಂದ ಮಾತ್ರ ತೆಗೆಯಬೇಡಿ. ಸಂಸ್ಕರಣಾ ಶುಲ್ಕ ಮುರಿದುಕೊಂಡೇ ದುಡ್ಡು ಹಾಕುತ್ತಾರೆ, ಅವಧಿಯೂ ಕಿರಿದು. ವೈಯಕ್ತಿಕ ಸಾಲವನ್ನು ಮುಂಚೆ ಮುಚ್ಚುವ ಮೊದಲು ಫೋರ್‌ಕ್ಲೋಷರ್ ಶುಲ್ಕ ಕೇಳಿ. ಉಳಿಯುವ ಬಡ್ಡಿಗಿಂತ ಅದು ಹೆಚ್ಚಾದರೆ ಕಂತಿನಲ್ಲೇ ಮುಂದುವರಿಯಲಿ.

6. ಅರ್ಧಕ್ಕೆ ‘ಸೆಟ್ಲ್’ ಮಾಡುತ್ತೇವೆ ಎಂಬ ಕರೆ ಬಂದರೆ ಬೇರೆ ದಾರಿ ಇರುವವರೆಗೂ ಒಪ್ಪಬೇಡಿ. ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದೇ ದಾಖಲಾಗಿ ಮುಂದೆ ಸಾಲ ಸಿಗುವುದು ಕಷ್ಟ. ಪೂರ್ತಿ ತೀರಿಸಿದ ದಿನವೇ ನೋ ಡ್ಯೂ ಪತ್ರ ಪಡೆಯಿರಿ. ಕೈಸಾಲವಾದರೆ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಎರಡನ್ನೂ ವಾಪಸ್ ಇಸಿದುಕೊಂಡೇ ಕೊನೆಯ ಕಂತು ಕೊಡಿ.