ಆ ಐದು ಫ್ರೇಮ್‌ಗಳು ಸಿಕ್ಕಿದ್ದು ಹೀಗೆ

ಕಳೆದ ಸೀಸನ್ ಹಾಕಿ ಕ್ವಾರ್ಟರ್‌ಫೈನಲ್‌ನಲ್ಲಿ ನಾವು 2-3ರಿಂದ ಸೋತೆವು. ಕೊನೆಯ ಗೋಲು ಬಿದ್ದಾಗ ಆಟ ಮುಗಿಯಲು ಮೂರೋ ನಾಲ್ಕೋ ನಿಮಿಷ ಇತ್ತು. ಎಲ್ಲರೂ ಗೋಲ್‌ಕೀಪರನ್ನು ಬೈದರು. ನನಗೆ ಅದು ಸರಿ ಅನ್ನಿಸಲಿಲ್ಲ. ವಿಡಿಯೊ ನೋಡಿ ಕಾರಣ ಹುಡುಕುತ್ತೇನೆ ಅಂದೆ. "ಸೋತ ಆಟ ನೋಡಿ ಏನು ಸಿಗುತ್ತೆ?" ಅಂದರು ನಮ್ಮ ಹಿರಿಯ ಆಟಗಾರರು.

ಮೊದಲ ಮೂರು ತಿಂಗಳು ಸುಮ್ನೆ ಹೋಯಿತು. ಅನಾಲಿಸಿಸ್ ಸಾಫ್ಟ್‌ವೇರ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಆ ದುಡ್ಡಿಗೆ ಕೀಪರ್‌ಗೆ ಹೊಸ ಲೆಗ್ ಗಾರ್ಡ್, ಪಾದಕ್ಕೆ ಹಾಕುವ ಕಿಕರ್ ಎರಡೂ ಬರುತ್ತಿದ್ದವು. ಪಾಸ್, ಟ್ಯಾಕಲ್, ಸರ್ಕಲ್ ಎಂಟ್ರಿ (ಗೋಲ್ ಮುಂದಿನ ಅರ್ಧವೃತ್ತದೊಳಗೆ ಚೆಂಡು ಒಯ್ಯುವುದು) ಎಲ್ಲ ಟ್ಯಾಗ್ ಮಾಡಿದೆ. ಎಂಟ್ರಿ ನಮ್ಮದು ಸುಮಾರು 22, ಅವರದು 15ರ ಆಸುಪಾಸು. ಈ ಲೆಕ್ಕದಲ್ಲಿ ಗೆಲ್ಲಬೇಕಾದವರು ನಾವೇ ಅಲ್ವಾ?

ದಾರಿ ತೋರಿಸಿದ್ದು ಬೇರೆ ವಿಡಿಯೊ. ನಮ್ಮ ಹುಡುಗನೊಬ್ಬನ ತಮ್ಮ ಗೋಲ್ ಹಿಂದಿನ ಗ್ಯಾಲರಿಯಿಂದ ದ್ವಿತೀಯಾರ್ಧ ಪೂರ್ತಿ ಫೋನಿನಲ್ಲಿ ತೆಗೆದಿದ್ದ. ಅವರ ಮೂರು ಪೆನಾಲ್ಟಿ ಕಾರ್ನರ್ (ಗೋಲ್ ಪಕ್ಕದ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳಿ, ಅಲ್ಲಿಂದ ಗೋಲಿಗೆ ಹೊಡೆಯುವ ಅವಕಾಶ) ಅದರಲ್ಲಿದ್ದವು. ಮೊದಲನೆಯದನ್ನು ನಮ್ಮ ಫಸ್ಟ್ ರಶರ್, ಅಂದರೆ ಹೊಡೆಯುವವನ ಕಡೆಗೆ ಗೋಲ್‌ನಿಂದ ಮೊದಲು ನುಗ್ಗುವವನು, ಸ್ಟಿಕ್‌ನಲ್ಲೇ ತಡೆದ. ಉಳಿದೆರಡೂ ಗೋಲು. ಒಂದೊಂದೇ ಫ್ರೇಮ್ ಓಡಿಸಿ, ಇಂಜೆಕ್ಷನ್‌ನಿಂದ (ಗೆರೆಯಿಂದ ಚೆಂಡು ತಳ್ಳುವ ಕ್ಷಣ) ರಶರ್ ಮೊದಲ ಸಲ ತಡೆದ ಜಾಗವನ್ನೇ ಮುಟ್ಟುವವರೆಗೆ ಎಣಿಸಿದೆ. ಗೋಲು ಬಿದ್ದ ಎರಡೂ ಸಲ ನಾಲ್ಕೈದು ಫ್ರೇಮ್ ತಡ. ಸೆಕೆಂಡಿಗೆ 30 ಫ್ರೇಮ್ ಅಂದರೆ ಐದು ಫ್ರೇಮ್‌ಗೆ ಹೆಚ್ಚುಕಡಿಮೆ ಒಂದು ಮೀಟರ್. ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಎಸೆಯುವ ಡ್ರ್ಯಾಗ್‌ಫ್ಲಿಕರ್‌ಗೆ ಅಷ್ಟು ಸಾಕು.

ತಡ ಯಾಕೆ? ಮೊದಲ ಕಾರ್ನರ್‌ಗೆ ಅವನು ಬೆಂಚಿನಿಂದ ಆಗ ತಾನೇ ಬಂದಿದ್ದ. ಉಳಿದೆರಡಕ್ಕೆ ಎಂಟು ಒಂಬತ್ತು ನಿಮಿಷ ಒಂದೇ ಸಮ ಓಡಿದ್ದ. ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಬದಲಿ ಇಳಿಸುವಂತಿಲ್ಲ. ಅವನನ್ನು ಮೊದಲೇ ಬದಲಾಯಿಸದ ತಪ್ಪು ಬೆಂಚಿನದು, ಕೀಪರ್‌ನದ್ದಲ್ಲ. ಕೀಪರ್‌ಗೆ ಇದನ್ನು ತೋರಿಸಿದ ದಿನ ನನಗೆ ನಿಜಕ್ಕೂ ಸಮಾಧಾನವಾಯಿತು.

ಎರಡೇ ಎರಡು ಗೋಲು ನೋಡಿ ನಿಯಮ ಮಾಡಬೇಡ ಅಂದರು ತಂಡದವರು. ಸರಿಯೇ. ಅಭ್ಯಾಸದಲ್ಲಿ ನಾಲ್ವರು ರಶರ್‌ಗಳನ್ನು ಎರಡು ವಾರ ಓಡಿಸಿದೆ. ಏಳನೇ ನಿಮಿಷ ದಾಟಿದ ಮೇಲೆ ಮೂವರು ನಿಧಾನವಾದರು. ಒಬ್ಬ ಆಗಲಿಲ್ಲ, ಈಗ ಅವನೇ ನಮ್ಮ ಎರಡನೇ ರಶರ್.

ನಡುವೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್ ಮೇಲೂ ಇದನ್ನೇ ಮಾಡಿ ನೋಡಿದೆ. ಭಾರತ ಅಲ್ಲಿ ಜರ್ಮನಿಗೆ 2-3ರಿಂದಲೇ ಸೋತಿತ್ತು, ನಿರ್ಣಾಯಕ ಗೋಲು 54ನೇ ನಿಮಿಷದಲ್ಲಿ. ಹಿಂದಿನ ಪಂದ್ಯದ ರೆಡ್ ಕಾರ್ಡ್‌ನಿಂದ ಫಸ್ಟ್ ರಶರ್ ಅಮಿತ್ ರೋಹಿದಾಸ್ ಆಡಿರಲಿಲ್ಲ. ಜರ್ಮನಿಯ ಗೊಂಜಾಲೊ ಪೇಯಟ್ ಅವರ ಕಾರ್ನರ್ ಗೋಲನ್ನು ಹತ್ತಾರು ಸಲ ನೋಡಿದೆ. ಆದರೆ ಯಾರು ಯಾವಾಗ ಒಳಗೆ ಬಂದರು ಅನ್ನುವುದು ಟಿವಿ ರೀಪ್ಲೇಗಳ ನಡುವೆ ಕಾಣುವುದೇ ಇಲ್ಲ. ಕೈಬಿಟ್ಟೆ.

ಈಗ ಬೆಂಚಿನಲ್ಲಿ ರಶರ್‌ಗಳಿಗೇ ಒಂದು ಸ್ಟಾಪ್‌ವಾಚ್. ಆರನೇ ನಿಮಿಷಕ್ಕೆ ಹೊರಗೆ ಕರೆಯುತ್ತೇನೆ. ಕೊನೆಯ ಕ್ವಾರ್ಟರ್‌ನಲ್ಲಿ ಬದಲಿಯ ಕ್ರಮ ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದೇ ತಂಡಗಳ ಎದುರು ಇನ್ನೂ ಆಡಬೇಕು.

ಹಿಂದಿನ ಸೀಸನ್‌ನಲ್ಲಿ 25ರಷ್ಟು ಕಾರ್ನರ್‌ಗೆ ಒಂಬತ್ತು ಗೋಲು ಬಿಟ್ಟಿದ್ದೆವು. ಈ ಸಲ 30ರ ಹತ್ತಿರ ಕಾರ್ನರ್, ನಾಲ್ಕೇ ಗೋಲು. ನಮ್ಮನ್ನು ಸೋಲಿಸಿದ ತಂಡವೇ ಸೆಮಿಫೈನಲ್‌ನಲ್ಲಿ ಸಿಕ್ಕಿತು. ಅವರು ಐದು ಕಾರ್ನರ್ ಪಡೆದರೂ ಒಂದೂ ಒಳಗೆ ಹೋಗಲಿಲ್ಲ. 1-0, ಗೆದ್ದೆವು. ಆ ಹಿರಿಯರೇ ಈಗ ಸ್ಟಾಪ್‌ವಾಚ್ ಹಿಡಿಯುತ್ತಾರೆ.