ಅಪ್ಪಿಕೋ ಚಳವಳಿಯ ನೆನಪುಗಳನ್ನು ನಾನು ದಾಖಲಿಸಿದ ಬಗೆ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದಲ್ಲಿ ಹೀಗೆಯೇ ಮರ ಅಪ್ಪಿ ಉಳಿಸಿದ ಚಿಪ್ಕೊ ಚಳವಳಿ, ಅದರ ನಾಯಕ ಸುಂದರಲಾಲ್ ಬಹುಗುಣರ ಶಿರಸಿ ಭೇಟಿ, ಅಪ್ಪಿಕೋ ಕಟ್ಟಿದ ಪಾಂಡುರಂಗ ಹೆಗಡೆಯವರ ಓಡಾಟ, ಕೊಡಲಿಯನ್ನು ತಡೆದ 38 ದಿನಗಳು, ಇವೆಲ್ಲ ಬರಹದಲ್ಲಿ ಬಂದಿವೆ. ಆ ಬರಹಗಳಲ್ಲಿ ಊರಿನವರ ಮಾತು ಕಡಿಮೆಯೆನಿಸಿದ್ದರಿಂದ ರೆಕಾರ್ಡರ್ ಹಿಡಿದು ನಾನೇ ಹಳ್ಳಿಗಳಿಗೆ ಹೊರಟೆ.

ಮೊದಲ ಏಳೆಂಟು ಸಂದರ್ಶನಗಳನ್ನು ನಾನೇ ಹಾಳುಮಾಡಿಕೊಂಡೆ. 'ನಿಮಗೆ ಪರಿಸರ ಪ್ರಜ್ಞೆ ಹೇಗೆ ಮೂಡಿತು?' ಎಂದು ಕೇಳಿದರೆ, ವರ್ಷಗಟ್ಟಲೆ ವರದಿಗಾರರಿಗೆ ಉತ್ತರಿಸಿ ಪಳಗಿದ ಹಿರಿಯರು ಪತ್ರಿಕೆಯ ಭಾಷೆಯನ್ನೇ ನನಗೆ ತಿರುಗಿ ಒಪ್ಪಿಸುತ್ತಿದ್ದರು. ಅಡಿಕೆ ಸುಲಿಯುತ್ತ ಕುಳಿತಿದ್ದ ಅಜ್ಜಿಯೊಬ್ಬರು ಮಾತ್ರ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, 'ಪರಿಸರ ಗಿರಿಸರ ಎಂತದೂ ಗೊತ್ತಿತ್ತಿಲ್ಲೆ ತಮಾ, ಹಳ್ಳ ಬತ್ತಿದ್ದು ಗೊತ್ತಿತ್ತು' ಎಂದರು. ಅಂದಿನಿಂದ ನಾನು ಚಳವಳಿಯ ಮಾತೆತ್ತದೆ, ತೋಟಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ಸೊಪ್ಪು ಯಾವ ಬೆಟ್ಟದಿಂದ ತರುತ್ತಿದ್ದಿರಿ ಎಂದಷ್ಟೇ ಕೇಳತೊಡಗಿದೆ. ಉಳಿದದ್ದು ತಾನಾಗಿ ಬಂತು. ಅದೇ ಅಜ್ಜಿ ತಾವು ಅಪ್ಪಿದ ಮರದ ಗಾತ್ರ ಹೇಳಲು ಎರಡೂ ಕೈ ಚಾಚಿ, ಇನ್ನೊಬ್ಬಳು ಆಚೆಯಿಂದ ಅಪ್ಪಿದರೂ ಬೆರಳಿಗೆ ಬೆರಳು ತಾಗಲಿಲ್ಲವೆಂದು ತೋರಿಸಿದರು. ಹಾಗೆ ಚಾಚಿದ ಕೈಗಳು ಧ್ವನಿಮುದ್ರಣದಲ್ಲಿ ಉಳಿಯುವುದಿಲ್ಲವಾದ್ದರಿಂದ ಆಮೇಲೆ ಒಂದು ನೋಟುಪುಸ್ತಕವನ್ನೂ ಜೊತೆಗಿಟ್ಟುಕೊಂಡೆ.

ದಿನಾಂಕ ಯಾರಿಗೂ ನೆನಪಿರಲಿಲ್ಲ. ಅನೇಕರು 'ಚೌತಿಯ ಮುಂಚೆ' ಎಂದರು, ಒಬ್ಬರು ದೀಪಾವಳಿಯೆಂದು ಹಟ ಹಿಡಿದರು. ರುಧಿರೋದ್ಗಾರಿ ಸಂವತ್ಸರದ (1983-84) ಹಳೆಯ ಪಂಚಾಂಗ ಸಿಕ್ಕಾಗ ನೋಡಿದರೆ ಆ ವರ್ಷದ ಚೌತಿ ಸೆಪ್ಟೆಂಬರ್ 10ಕ್ಕಿತ್ತು. ಆದರೂ ದೀಪಾವಳಿಯೆಂದವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಏಕೆಂದರೆ ಚಳವಳಿ ಬೆಣಗಾಂವ್, ಹುಸ್ರಿಗಳ ಕಡೆಗೆ ಹಬ್ಬಿದ್ದು ಆ ನಂತರದ ವಾರಗಳಲ್ಲಿ. ಅವರು ನೆನೆಯುತ್ತಿದ್ದುದು ಬೇರೊಂದು ಕಾಡನ್ನಿರಬೇಕು.

ನನಗೆ ಬಹಳ ತಡವಾಗಿ ಹೊಳೆದದ್ದು ಕೊಡಲಿ ಹಿಡಿದವರನ್ನೂ ಕೇಳಬೇಕೆಂಬುದು. ಕೂಲಿಗೆ ಬಂದಿದ್ದವರಲ್ಲಿ ಒಬ್ಬರು ಮಾತ್ರ ಮಾತಿಗೆ ಸಿಕ್ಕರು. ಎಕರೆಗೆ ಎರಡೇ ಮರ ಕಡಿಯಬೇಕೆಂದು ಕಾಗದದಲ್ಲಿದ್ದರೂ, ದೊಡ್ಡ ಮರವೊಂದು ಉರುಳುವಾಗ ಸುತ್ತಲಿನ ಎಳೆಯ ಮರಗಳನ್ನೂ ಮುರಿದುಕೊಂಡೇ ಬೀಳುತ್ತಿತ್ತೆಂದೂ, ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವೆಂದೂ ಅವರು ವಿವರಿಸಿದರು. ಊರವರ ದೂರೂ ಇದೇ ಆಗಿತ್ತು. ಹೆಂಗಸರು ಮರ ಅಪ್ಪಿದಾಗ ಕೊಡಲಿ ಕೆಳಗಿಟ್ಟ ಅವರಿಗೆ ಆ ವಾರದ ಕೂಲಿ ಬರಲಿಲ್ಲ, ಅಂಗಡಿಯಲ್ಲಿ ಅಕ್ಕಿಯ ಸಾಲ ಉಳಿಯಿತು. 'ಉಳಿಸು, ಬೆಳೆಸು, ಬಳಸು' ಎಂಬ ಘೋಷಣೆಯನ್ನು ಅವರೂ ಕೂಗಿದ್ದರಂತೆ, ಆದರೆ ಅಕ್ಕಿಯ ಬೆಲೆಯನ್ನು ಅದಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಹಸ್ತಪ್ರತಿಯಲ್ಲಿ ಅವರ ಮಾತನ್ನು ಮೊದಲ ಅಧ್ಯಾಯಕ್ಕೆ ತಂದಾಗ ಓದಿದ ಇಬ್ಬರು ಹಿರಿಯರು ಮುಖ ಸಿಂಡರಿಸಿ, ಅದು ಕೊನೆಗಿರಲಿ ಎಂದರು. ನಾನು ಬದಲಿಸಲಿಲ್ಲ.