ಹೇಂಟೆ ಕುಂಟಿದರೆ ಮೊದಲು ಅಂಗಾಲು ನೋಡಿ

ರಾತ್ರಿ ಗೂಡು ಸೇರಿದ ಮೇಲೆ ಹಿಡಿದರೆ ಒದ್ದಾಟ ಕಡಿಮೆ. ಅಂಗಾಲು ತೊಳೆದು ಟಾರ್ಚ್ ಬೆಳಕಲ್ಲಿ ನೋಡಿ. ಬೆರಳಿಗೆ ತೆಂಗಿನ ನಾರು ಸುತ್ತಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ. ಅಂಗಾಲ ನಡುವೆ ಕಪ್ಪು ಹಕ್ಕಳೆ, ಸುತ್ತ ಬಿಸಿ ಬಾವು ಇದ್ದರೆ ಒಳಗೆ ಕೀವು ಕಟ್ಟಿದೆ. ನಮ್ಮ ಕರಾವಳಿಯ ಮಳೆಗೆ ಪಾದದ ಚರ್ಮ ನೆನೆದು ಮೆತ್ತಗಾಗಿ, ಮುರಕಲ್ಲಿಗೆ ತರಚಿ ಸೋಂಕು ಹತ್ತುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ 10–15 ನಿಮಿಷ ಅದ್ದಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಬಟ್ಟೆ ಸುತ್ತಿ ಒಣ ನೆಲದಲ್ಲಿಡಿ. ದಯವಿಟ್ಟು ಬ್ಲೇಡು ಹಾಕಬೇಡಿ. ಬಾವು ಇಳಿಯದಿದ್ದರೆ ಪಶುವೈದ್ಯರಿಗೆ ತೋರಿಸಿ. ಕೂರುವ ಕೋಲು ಎರಡಡಿಗಿಂತ ಎತ್ತರ ಬೇಡ, ಹಾರಿಳಿಯುವಾಗ ಪಾದಕ್ಕೆ ಪೆಟ್ಟು ಬೀಳುತ್ತದೆ.

ಕಾಲಿನ ಹುರುಪೆ ಎದ್ದು ನಿಂತಿದ್ದರೆ ಅದು ಹುರುಪೆಯೊಳಗೆ ಹೊಕ್ಕ ನುಸಿಯ ಕಾಟ. ವಾರಗಟ್ಟಲೆ ತೆಂಗಿನೆಣ್ಣೆ ಸವರಬೇಕು. ಪಾದ ಚೊಕ್ಕವಾಗಿದ್ದೂ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ಎಂಬ ವೈರಸ್ ರೋಗದ ಶಂಕೆ. ಅದಕ್ಕೆ ಮದ್ದಿಲ್ಲ, ಬೇರೆಯಾಗಿಡಿ.